ಬೊಂತೆಯ ನಾಲ್ಕನೇ ಮೂಲೆ

ಭಾಗ್ಯಮ್ಮ ಹಳೇ ಸೀರೆಗಳಿಂದ ಹೊಲಿದ ಬೊಂತೆಯನ್ನು ಮಡಿಸಿಡೋಣ ಎಂದು ಪಡಸಾಲೆಯಲ್ಲಿ ಹರಡಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ರಾಮಾಂಜಿನಪ್ಪ ಕಂಬಕ್ಕೆ ಒರಗಿಕೊಂಡು ಬೇವಿನಕಡ್ಡಿ ಅಗಿಯುತ್ತ, ನೋಡದವನ ಹಾಗೆ ನೋಡುತ್ತಿದ್ದ. ನಿನ್ನೆ ಸಂಜೆ ಅವನೇ ಮುಗಿಸಿದ್ದು ಅದು. ಹೆಂಡತಿ ಏನಾದರೂ ಅಂದಾಳು, ಹೆಚ್ಚಿಗೆ ಬೇಡ, ಪರವಾಗಿಲ್ಲ ಅಂದರೂ ಸಾಕು ಎಂದು ಮನಸ್ಸು ಕಾಯುತ್ತಿತ್ತು. ಹಾಗೆ ಕಾಯುವುದಕ್ಕೆ ತನ್ನ ಮೇಲೆ ತನಗೇ ಬೇಜಾರೂ ಆಗುತ್ತಿತ್ತು. ಊರಿನ ಪಂಚಾಯಿತಿಯಲ್ಲಿ ಅವನು ಕೆಮ್ಮಿದರೆ ಜನ ಮಾತು ನಿಲ್ಲಿಸುತ್ತಿದ್ದರು. ಅಂಥವನು ಹೆಂಡತಿಯ ಬಾಯಿಂದ ಬೀಳುವ ಒಂದು ಮಾತಿಗಾಗಿ ಕಂಬ ಹಿಡಿದು ನಿಂತಿದ್ದಾನೆ. ಭಾಗ್ಯಮ್ಮ ಬುಡ್ಡಿಯನ್ನು ಹತ್ತಿರ ಹಿಡಿದು ಒಂದು ಮೂಲೆ ನೋಡಿದಳು, ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು. ನಾಲ್ಕನೆಯದಕ್ಕೆ ಬಂದವಳು ಅಲ್ಲೇ ಕುಕ್ಕರಿಸಿದಳು.

"ನಾಲ್ಕೂ ಮುಚ್ಚಿಬಿಟ್ಟಿದ್ದೀರಲ್ಲ," ಅಂದಳು.

"ಮತ್ತೆ? ಬೊಂತೆಗೆ ಎಷ್ಟು ಮೂಲೆ?"

"ಮಗೂಗೆ ಹೊದಿಸೋದಕ್ಕೆ ಮೂರೇ ಹೂವ ಹಾಕೋದು. ನಾಲ್ಕನೇದು ಮಗು ಮಲಗೋ ಮನೇಲಿ, ತೊಟ್ಟಿಲ ಮುಂದೆ ಕೂತು ಹಾಕ್ಬೇಕು. ಮೂರು ಹಾಕಿದ ಕೈಯೇ ಹಾಕ್ಬೇಕು. ನಾಲ್ಕೂ ತುಂಬಿಸಿ ಮನೆಯಿಂದ ಆಚೆಗೆ ತಗೊಂಡೋಗೋದು ಹೆಣದ ಮೇಲಕ್ಕೆ. ಇಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಯಾರು ಹೇಳಬೇಕಿತ್ತು? ಹೆಣ್ಣುಮಕ್ಕಳಿಗೆ ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹುಣಿಸೆಹಣ್ಣು ಕುಟ್ಟುವಾಗ, ತಲೆ ಬಾಚಿಸಿಕೊಳ್ಳುವಾಗ ತಾನೇ ಕಿವಿಗೆ ಬಿದ್ದಿರುತ್ತದೆ. ಅವನು ಕಲಿತದ್ದು ಬರೀ ಸೂಜಿ. ಸೂಜಿಯ ಜೊತೆಗೆ ಬರುವ ಮಾತು ಅವನ ಪಾಲಿಗೆ ಬಂದಿರಲಿಲ್ಲ. ನೇಗಿಲಿಗೆ ಯಾವ ಮರ, ನೊಗಕ್ಕೆ ಯಾವ ಮರ, ಯಾವ ಮಳೆಗೆ ಯಾವ ಬಿತ್ತನೆ ಎಂದು ಅಪ್ಪನ ಹಿಂದೆ ಓಡಾಡಿ ತಿಳಿದವನಿಗೆ, ಒಂದು ಬೊಂತೆಗೆ ಮೂರು ಮೂಲೆ ಸಾಕು ಅನ್ನುವುದು ಈ ವಯಸ್ಸಿನಲ್ಲಿ ಗೊತ್ತಾಗಬೇಕಾಯಿತು. ಬೇರೆಯವರ ಮನೆಗೆ ಹಿತ್ತಿಲ ಬಾಗಿಲಿಂದ ನುಗ್ಗಿ, ನೀರಿನ ಹಂಡೆ ಎಲ್ಲಿದೆ ಎಂದು ತಿಳಿಯದೆ ಸಿಕ್ಕಿಬಿದ್ದವನಂತೆ ಅವನು ಬೇವಿನಕಡ್ಡಿಯನ್ನು ಉಗಿದ. ಅಷ್ಟು ಹೊತ್ತಿಗೆ ಭಾಗ್ಯಮ್ಮ ನಾಲ್ಕನೆಯ ಹೂವಿನ ದಾರವನ್ನು ಹಲ್ಲಿಗೆ ಕೊಟ್ಟಿದ್ದಳು. ನಾಲ್ಕರಲ್ಲಿ ಅದೇ ಚೆನ್ನಾಗಿ ಬಂದಿತ್ತು. ಮೊದಲನೆಯದರಲ್ಲಿ ಎಸಳು ದಪ್ಪ, ಎರಡನೆಯದು ಒಂದು ಕಡೆಗೆ ವಾಲಿತ್ತು. ಮೂರನೆಯದಕ್ಕೆ ಕೈ ಹತೋಟಿಗೆ ಬಂದಿತ್ತು. ನಾಲ್ಕನೆಯದನ್ನು ಮಾಡುವಾಗ ಕೈ ಇದೆ ಅನ್ನುವುದೇ ಮರೆತುಹೋಗಿತ್ತು. ಅದರ ನಡುವಿಗೆ ತನ್ನ ಮದುವೆಯ ಪೇಟದ ಜರಿಯನ್ನು ಕತ್ತರಿಸಿ ಇಟ್ಟಿದ್ದ. ಎಸಳುಗಳು ಒಂದೊಂದಾಗಿ ಕಳಚಿ ಅವಳ ಮಡಿಲಿಗೆ ಬಿದ್ದವು. ಅವನು ನೋಡಲಾರದೆ ಎತ್ತಿಗೆ ಹುಲ್ಲು ಹಾಕುವ ನೆಪದಲ್ಲಿ ಆಚೆಗೆ ಹೋದ.

ಹೋಗುವಾಗ ಕಾಲು ಎಳೆಯುತ್ತಿತ್ತು. ಆ ಕಾಲಿನಿಂದಲೇ ಎಲ್ಲ ಶುರುವಾಗಿದ್ದು. ಹೋದ ಬೇಸಿಗೆಯಲ್ಲಿ ಬಾವಿಯಿಂದ ನೀರೆತ್ತಲು ಕಪಿಲೆ ಹೊಡೆಯುತ್ತಿದ್ದಾಗ, ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಅವನು ಹಗ್ಗದ ಮೇಲೆ ಕೂತಿದ್ದಾಗ, ಹಗ್ಗ ಹರಿದು ಮಂಡಿ ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಎದ್ದರೆ ನಿನ್ನ ಕಾಲು ನಿನ್ನದಲ್ಲ ಎಂದು ಹೇಳಿ ಹೋದ. ಪಡಸಾಲೆಯಲ್ಲಿ ಅಂಗಾತ ಬಿದ್ದವನಿಗೆ ಹೆಂಚಿನ ಸಂದು ಎಣಿಸುವುದು ಬಿಟ್ಟರೆ ಕೆಲಸವಿರಲಿಲ್ಲ. ನೋಡುವುದಕ್ಕೆ ಬರುವ ಗಂಡಸರು ಎರಡು ದಿನ ಬಂದರು, ಆಮೇಲೆ ಬರಲಿಲ್ಲ. ಹೊಲದ ಕೆಲಸ ಅವನಿಲ್ಲದೆಯೂ ನಡೆಯಿತು, ಅದು ಅವನಿಗೆ ಕಾಲು ಮುರಿದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಭಾಗ್ಯಮ್ಮ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಕಿ, ಓಡುಹೊಲಿಗೆ ಹಾಕುತ್ತ ಅವನ ಪಕ್ಕದಲ್ಲಿ ಕೂರುತ್ತಿದ್ದಳು. ಮಗಳು ಬಸುರಿ, ಬಾಣಂತನಕ್ಕೆ ಬರುತ್ತಾಳೆ, ಮಗುವನ್ನು ಕಳಿಸಿಕೊಡುವಾಗ ಬೀಗರ ಮನೆಗೆ ಒಯ್ಯುವುದಕ್ಕೆ ಏನಾದರೂ ಬೇಕಲ್ಲ. ಲಡಾಯಿ ಕಾಲ, ಬಟ್ಟೆಗೆ ಕಂಟ್ರೋಲು. ಹೊಸ ಬಟ್ಟೆ ಅನ್ನುವುದು ಕಣ್ಣಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಹಾಗಾಗಿ ಕೊಡುವುದು ಇದೊಂದೇ, ಈ ಬೊಂತೆ. ಒಂದು ದಿನ ಅವಳು ಒಲೆ ನೋಡಲು ಎದ್ದು ಹೋದಾಗ ಅವನು ಸುಮ್ಮನೆ ಸೂಜಿ ತೆಗೆದುಕೊಂಡ. ಬೇಜಾರಿಗೆ, ಅಷ್ಟೇ. ಅವಳು ವಾಪಸ್ಸು ಬಂದು ನೋಡಿದರೆ ಒಂದು ಸಾಲು ನೇರವಾಗಿ ಬಿದ್ದಿತ್ತು. ನೇಗಿಲು ಹಿಡಿದ ಕೈಗೆ ಸಾಲು ಬರುವುದು ದೊಡ್ಡದಲ್ಲ ಎಂದು ಅವನು ನಕ್ಕ. ಅವಳೂ ನಕ್ಕಳು. ಆದರೆ ಓಡುಹೊಲಿಗೆಯಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಅದು ಬರೀ ಗೇಯ್ಮೆ. ಅವನನ್ನು ಹಿಡಿದದ್ದು ಅಂಚು. ಬಟ್ಟೆ ಚೂರನ್ನು ಚೌಕ ಕತ್ತರಿಸಿ, ಮಡಿಸಿ, ಮತ್ತೆ ಮಡಿಸಿ, ತುದಿ ಮೇಲೆ ಬರುವ ಹಾಗೆ ಒತ್ತಿ ಹೊಲಿದರೆ ಒಂದು ಎಸಳು. ಅಂಥವನ್ನು ಸುತ್ತ ಕೂಡಿಸಿದರೆ ಹೂವು. ಹೂವಿನಿಂದ ಹೂವಿಗೆ ರಾಗಿ ತೆನೆಯ ಹಾಗೆ ಹೊಲಿಗೆ. ಯಾರ ಸೀರೆಯ ಚೂರು ಯಾರ ಸೀರೆಯ ಪಕ್ಕದಲ್ಲಿ ಕೂರಬೇಕು ಎಂದು ಯೋಚಿಸುತ್ತಾ ಮಧ್ಯಾಹ್ನಗಳು ಕರಗಿಹೋದವು. ಕಾಲು ಕೂಡಿತು, ದಬ್ಬೆ ಬಿಚ್ಚಿದರು, ಅವನು ಇನ್ನೂ ನೋವು ಇದೆ ಅಂದ. ಇರಲಿಲ್ಲ.

ಇದು ಸುಖ ಎಂದು ಅವನಿಗೆ ಗೊತ್ತಿತ್ತು. ಸುಖಕ್ಕೆ ಹೆಸರಿಡುವುದು ಮಾತ್ರ ಅವನಿಗೆ ಬೇಡವಾಗಿತ್ತು. ಯಾರಾದರೂ ಬಂದ ಸದ್ದಾದರೆ ಬೊಂತೆಯನ್ನು ಕಾಲ ಮೇಲೆ ಎಳೆದುಕೊಂಡು ಹೊದ್ದವನ ಹಾಗೆ ಮಲಗುತ್ತಿದ್ದ. ಊರಲ್ಲಿ ಜವರಪ್ಪ ಎಂಬುವನೊಬ್ಬನಿದ್ದ, ನಾಟಕದಲ್ಲಿ ಹೆಣ್ಣು ವೇಷ ಹಾಕುತ್ತಿದ್ದವನು, ತನ್ನ ರವಿಕೆ ತಾನೇ ಹೊಲಿದುಕೊಳ್ಳುತ್ತಿದ್ದ. ಕೆರೆ ಏರಿಯ ಮೇಲೆ ಜನರು ಕೂತಾಗ ಅವನು ಹಾದುಹೋದರೆ ರಾಮಾಂಜಿನಪ್ಪನೇ ಮೊದಲು ಏನಾದರೂ ಅನ್ನುತ್ತಿದ್ದ, ಉಳಿದವರು ನಗುತ್ತಿದ್ದರು. ಯಾವ ಮಾತಿಗೆ ಎಷ್ಟು ನಗು ಬರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿದ್ದದ್ದರಿಂದಲೇ ಅವನಿಗೆ ಹೆದರಿಕೆ ಹೆಚ್ಚು. ಬಾಣಂತನಕ್ಕೆ ಬಂದ ಮಗಳು ಮುನಿವೆಂಕಟಮ್ಮ ಮೊದಲ ಸಲ ನೋಡಿದಾಗ, ಅಪ್ಪ ಹೊಲಿತಾನೆ ನೋಡಮ್ಮಾ ಎಂದು ನಕ್ಕು ನಕ್ಕು ಕಣ್ಣಲ್ಲಿ ನೀರು ತರಿಸಿಕೊಂಡಳು. ಹೆರಿಗೆಯಾಗಿ, ಹೊರಡುವ ದಿನ ಹತ್ತಿರ ಬಂದ ಹಾಗೆ ಅವಳ ನಗು ನಿಂತಿತು. ಒಂದು ಮಧ್ಯಾಹ್ನ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಅವನ ಮುಖ ನೋಡದೆ ಅಂದಳು: "ಅಪ್ಪಾ, ಅಲ್ಲಿ ಹೋದಾಗ ಇದನ್ನ ನೀನು ಹಾಕಿದ್ದು ಅಂತ ಬಾಯಿ ಬಿಡಬೇಡ. ನಮ್ಮತ್ತೆ ಎಂಥೋಳು ಅಂತ ನಿಂಗೆ ಗೊತ್ತಿಲ್ಲ. ದಿನಾ ಒಂದು ಸಲ ಎತ್ತಿ ಆಡ್ತಾಳೆ. ನಾನು ಅಲ್ಲಿ ಬಾಳಬೇಕು."

"ನಾನ್ಯಾಕೆ ಹೇಳ್ಲಿ," ಎಂದ ಅವನು. ಹೇಳುವ ಆಸೆ ಇತ್ತು ಎಂದು ಅವನಿಗೆ ಆಗಲೇ ತಿಳಿದದ್ದು. ಬೀಗರ ಪಡಸಾಲೆಯಲ್ಲಿ ಯಾರೋ ಬೊಂತೆ ಹರಡುತ್ತಾರೆ, ಯಾರು ಹಾಕಿದ್ದು ಎಂದು ಕೇಳುತ್ತಾರೆ, ತಾನು ಮೀಸೆಯ ಮೇಲೆ ಕೈಯಿಟ್ಟು ಒಂದು ಸಣ್ಣ ನಗೆ ನಗುತ್ತೇನೆ. ಇದನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದ. ಅಲ್ಲಿಂದ ಮುಂದೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾವತ್ತೂ ನಡೆಸಿರಲಿಲ್ಲ.

ಗಾಡಿ ಹೊರಟಾಗ ಬಿಸಿಲು ಬಂದಿತ್ತು. ರಾಮಾಂಜಿನಪ್ಪ ಗಾಡಿಯನ್ನು ದೇವನಹಳ್ಳಿ ದಾಟಿಸಿ ಬೀಗರ ಊರು ತೂಬಗೆರೆಯ ದಾರಿಗೆ ತಿರುಗಿಸಿದ. ಮಗಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಣ್ಣು ಮುಚ್ಚಿದ್ದಳು. ನಿದ್ದೆ ಮಾಡುವವಳ ಕಾಲ್ಬೆರಳು ಹಾಗೆ ಆಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಭಾಗ್ಯಮ್ಮ ಬಿಚ್ಚಿದ ಎಸಳುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಬೀಗಿತ್ತಿ ಸಪ್ಪಲಮ್ಮ ಎಲ್ಲರ ಎದುರಿಗೆ ಕೂರಿಸಿ ನಾಲ್ಕನೇ ಮೂಲೆ ಹಾಕು ಅಂತಾಳೆ, ಆಗ ನಾನೇ ಹಾಕಬೇಕಲ್ಲ ಎಂದು ಅವಳೇ ಬಾಯಿಬಿಟ್ಟಳು. ಹಾಕು, ಹೇಳಿಕೊಡ್ತೀನಿ ಎಂದು ಅವನು ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಹಿಂದಕ್ಕೆ ತಿರುಗಿ ಕೂತ. ಎತ್ತುಗಳಿಗೆ ದಾರಿ ಗೊತ್ತಿತ್ತು. ಹೀಗೆ ಮಡಿಸು, ಹಾಗಲ್ಲ, ತುದಿ ಒಳಕ್ಕೆ, ಅಯ್ಯೋ ಅಷ್ಟು ಬಿಗಿ ಎಳೆದರೆ ಸುರುಟಿಕೊಳ್ಳುತ್ತೆ. ಗಾಡಿ ಕುಲುಕಿದಾಗಲೆಲ್ಲ ಸೂಜಿ ಅವಳ ಬೆರಳಿಗೆ ಚುಚ್ಚುತ್ತಿತ್ತು. ಅವಳ ಕೈ ದೊಡ್ಡದು, ಕಳೆ ಕಿತ್ತು, ಮುದ್ದೆ ತಿರುವಿ ಗಡುಸಾದದ್ದು. ಇಷ್ಟು ವರ್ಷ ಅವನು ಆ ಕೈಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆದರೆ ಆ ಹೊತ್ತಿಗೆ ಅವನಿಗೆ ಬಂದದ್ದು ಮರುಕವಲ್ಲ, ಸಿಟ್ಟು. ಇಷ್ಟು ಸುಲಭದ್ದು ಬರುವುದಿಲ್ಲವಲ್ಲ ಎಂಬ ಸಿಟ್ಟು. ಹಿಂದೆ ಅವನ ಅಪ್ಪ ಅವನಿಗೆ ಬಿತ್ತನೆಯ ಕೂರಿಗೆ ಹಿಡಿಯುವುದನ್ನು ಕಲಿಸುವಾಗ ಮಾಡುತ್ತಿದ್ದ ಸಿಟ್ಟೇ ಇದು ಎಂದು ಅನ್ನಿಸಿ ನಾಲಿಗೆ ಕಚ್ಚಿಕೊಂಡ.

"ಮೂವತ್ತು ವರ್ಷ ಮುದ್ದೆ ಮಾಡಿ ಹಾಕಿದ್ದೀನಿ, ಒಂದು ದಿನ ನಿಮಗೆ ಹೀಗೆ ಹೇಳಿಕೊಟ್ಟಿದ್ದೀನಾ ನಾನು?" ಎಂದಳು ಭಾಗ್ಯಮ್ಮ, ಬೆರಳನ್ನು ಬಾಯಲ್ಲಿ ಇಟ್ಟುಕೊಂಡು. "ಅಷ್ಟು ಬರೋದಾದ್ರೆ ನೀವೇ ಹೋಗಿ ತೊಟ್ಟಿಲ ಮುಂದೆ ಕೂತ್ಕೊಳ್ಳಿ."

ಮಗಳು ಕಣ್ಣು ತೆರೆದಳು. ಇಬ್ಬರನ್ನೂ ನೋಡಿ ಮತ್ತೆ ಮುಚ್ಚಿದಳು. ಅವನು ಮುಂದಕ್ಕೆ ತಿರುಗಿ, ಸುಮ್ಮನಿದ್ದ ಎತ್ತಿಗೆ ಒಂದು ಬಾರಿಸಿದ.

ತೂಬಗೆರೆಯಲ್ಲಿ ಬೀಗ ಬೈಲಪ್ಪ ಬಾಗಿಲಲ್ಲೇ ಕಾದಿದ್ದ. ಕಾಲಿಗೆ ನೀರು, ಮಗುವಿಗೆ ಆರತಿ, ಗಂಡಸರಿಗೆ ಜಗಲಿಯ ಮೇಲೆ ಚಾಪೆ, ಎಲೆಯಡಿಕೆ ತಟ್ಟೆ. ಬೈಲಪ್ಪ ಮಾತಿನ ಮನುಷ್ಯ. ಲಡಾಯಿ ಯಾವಾಗ ಮುಗಿಯುತ್ತೆ, ಸೀಮೆಎಣ್ಣೆ ಸಿಗುತ್ತೋ ಇಲ್ಲವೋ, ಇದ್ದಿಲು ಹಾಕಿ ಓಡಿಸುವ ಬಸ್ಸು ದೊಡ್ಡಬಳ್ಳಾಪುರದ ಹತ್ತಿರ ಏರು ಹತ್ತಲಾರದೆ ಜನರೇ ಇಳಿದು ತಳ್ಳಿದರಂತೆ, ಹೀಗೆ ಒಂದರ ಮೇಲೊಂದು. ಕಾಲು ಹೇಗಿದೆ ಬೀಗ್ರೇ, ಮನೇಲಿ ಬಿದ್ದುಕೊಂಡು ಏನು ಮಾಡ್ತಿದ್ರಿ, ಹೊತ್ತು ಹೆಂಗೆ ಹೋಯ್ತು ಎಂದು ಅವನು ಕೇಳಿದ. ಸುಮ್ಮನೆ ಮಲಗಿದ್ದೆ ಎಂದ ರಾಮಾಂಜಿನಪ್ಪ. ಜಗಲಿಯಿಂದ ನಡುಮನೆ ಕಾಣುತ್ತಿತ್ತು. ತೊಟ್ಟಿಲ ಸುತ್ತ ಕೇರಿಯ ಹೆಂಗಸರು ಕೂತಿದ್ದರು. ಸಪ್ಪಲಮ್ಮ, ತೆಳ್ಳಗಿನ, ಕಣ್ಣಲ್ಲೇ ಅಳೆಯುವ ಹೆಂಗಸು, ಬೊಂತೆಯನ್ನು ತೆಗೆದು ಒಂದೇ ಸಲ ಹರಡಿದಳು. ಅವನು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ. ಎಲೆ ಪೂರ್ತಿ ಬೆಳ್ಳಗಾಯಿತು.

ಒಳಗೆ ಹೆಂಗಸರು ಹತ್ತಿರ ಸರಿದರು. ಆಮೇಲೆ ಒಬ್ಬಳು, ಅಬ್ಬಾ ಅಂದಳು, ಇನ್ನೊಬ್ಬಳು ತೆನೆ ನೋಡೇ, ತೆನೆ ಅಂದಳು. ಯಾರೋ ಮುದುಕಿ ಬಗ್ಗಿ ಎಸಳನ್ನು ಬೆರಳಿನಿಂದ ಸವರಿದಳು. ಅವನ ಕಿವಿ ಬಿಸಿಯಾಯಿತು. ಪಂಚಾಯಿತಿಯಲ್ಲಿ ಗೆದ್ದಾಗ, ಮೊದಲ ಸಲ ಬಾವಿಯಲ್ಲಿ ನೀರು ಬಿದ್ದಾಗ ಆಗದ ಸಂತೋಷ ಆಯಿತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಅವನು ಆ ಬೆಳ್ಳಗಾದ ಎಲೆಯನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡ. ಬೈಲಪ್ಪ ಬಸ್ಸಿನ ವಿಷಯ ಹೇಳುತ್ತಲೇ ಇದ್ದ. "ಮೂರು ಸರಿಯಾಗಿದೆ," ಎಂದಳು ಸಪ್ಪಲಮ್ಮ, "ಕೂತ್ಕೊಳಮ್ಮ, ನಾಲ್ಕನೇದು ಹಾಕು. ಮಗು ಮಲಗಿಸಬೇಕು."

ಭಾಗ್ಯಮ್ಮ ಕೂತಳು. ಅವಳ ಬೆನ್ನು ಅವನಿಗೆ ಕಾಣುತ್ತಿತ್ತು. ಬೆನ್ನಿನಿಂದಲೇ ಅವನಿಗೆ ಎಲ್ಲ ಗೊತ್ತಾಗುತ್ತಿತ್ತು: ಈಗ ಮಡಿಸಿದಳು, ಈಗ ತುದಿ ಹೊರಗೆ ಹೋಯಿತು, ಈಗ ಬಿಗಿ ಎಳೆದಳು. ಅವನ ಬೆರಳುಗಳು ಪಂಚೆಯ ಅಂಚನ್ನು ಹಿಡಿದು ತಾವೇ ಮಡಿಸುತ್ತಿದ್ದವು. ಎರಡು ಎಸಳು ಕೂಡಿಸುವಷ್ಟರಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಪ್ಪಲಮ್ಮ ಮೂಲೆಯನ್ನು ತನ್ನ ಕಡೆಗೆ ಎಳೆದುಕೊಂಡು, ಮೂರನೆಯ ಮೂಲೆಯ ಪಕ್ಕದಲ್ಲಿ ಇಟ್ಟು ನೋಡಿದಳು. ಅವಳು ಗಟ್ಟಿಯಾಗಿ ಮಾತಾಡಲಿಲ್ಲ. ಗಟ್ಟಿಯಾಗಿ ಆಡಿದ್ದರೆ ಬೈಲಪ್ಪನ ಬಸ್ಸಿನ ಮಾತಿನಲ್ಲಿ ಮುಚ್ಚಿಹೋಗುತ್ತಿತ್ತೋ ಏನೋ.

"ಇದು ಆ ಕೈಯಲ್ಲ," ಎಂದಳು. "ಯಾರದಮ್ಮ ಆ ಕೈ? ಕರ್ಕೊಂಡು ಬರಬೇಕಿತ್ತು. ಬೇರೆ ಕೈ ಹಾಕಿದ್ರೆ ಮಗೂಗೆ ನಿದ್ದೆ ಬರಲ್ಲ, ಗೊತ್ತಿಲ್ವಾ ನಿನಗೆ?"

ರಾಮಾಂಜಿನಪ್ಪ ಎದ್ದ. ಎದ್ದದ್ದು ಅವನಿಗೆ ಎದ್ದ ಮೇಲೆ ಗೊತ್ತಾಯಿತು. ಎರಡು ಹೆಜ್ಜೆಗೆ ಹೊಸ್ತಿಲು, ಹೊಸ್ತಿಲು ದಾಟಿದರೆ ತೊಟ್ಟಿಲು. ಒಂದು ಹೂವು ಅವನಿಗೆ ಎಷ್ಟು ಹೊತ್ತಿನ ಕೆಲಸ. ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ಅಗಿದು ಮುಗಿಸುವಷ್ಟರಲ್ಲಿ ಎಸಳು ಸುತ್ತಿಬಿಡಬಹುದು. ಮೊಮ್ಮಗಳಿಗಾಗಿ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಮೊಮ್ಮಗಳಿಗಾಗಿ ಅಲ್ಲ, ಆ ಮುದುಕಿಯ ಬೆರಳು ಎಸಳನ್ನು ಸವರಿತಲ್ಲ, ಅದಕ್ಕಾಗಿ. ನಾನೇ ಎಂಬ ಮಾತು ನಾಲಿಗೆಯ ಮೇಲೆ ಇತ್ತು, ಸುಣ್ಣದ ಉರಿಯ ಜೊತೆಗೇ ಇತ್ತು. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತಾಗ, ತೊಟ್ಟಿಲ ಆಚೆ ಕೂತಿದ್ದ ಮುನಿವೆಂಕಟಮ್ಮ ಅವನನ್ನು ನೋಡಿದಳು. ತಲೆ ಆಡಿಸಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ಮುಖದಲ್ಲಿದ್ದ ರಕ್ತ ಮಾತ್ರ ಇಳಿದುಹೋಯಿತು. ಅವಳು ಮಗುವಾಗಿದ್ದಾಗ ಅವನು ಕುಡುಗೋಲು ಎತ್ತಿ ಯಾರ ಮೇಲೋ ಹೋದ ದಿನ ಹೀಗೇ ನೋಡಿದ್ದಳು. ಹೊಸ್ತಿಲ ಮೇಲಿಟ್ಟ ಕಾಲು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮಗಳ ಮುಖ ನೋಡಿ ಭಾಗ್ಯಮ್ಮ ತಿರುಗಿದಳು. ಗಂಡನನ್ನು ಕಂಡಳು. ಕಂಡವಳೇ ಸಪ್ಪಲಮ್ಮನ ಕಡೆಗೆ ತಿರುಗಿ ಬಡಬಡನೆ ಹೇಳಿದಳು.

"ಆ ಕೈ ಇಲ್ಲ ಅಕ್ಕಾ. ಹೋಗ್ಬಿಟ್ಳು. ನಮ್ಮೂರೋಳೇ. ಮೂರು ಮೂಲೆ ಹಾಕಿಕೊಟ್ಟು ಹೋಗ್ಬಿಟ್ಳು."

ಹೆಂಗಸರು ಲೊಚಗುಟ್ಟಿದರು. ಸಪ್ಪಲಮ್ಮನ ಮುಖ ಬದಲಾಯಿತು. ಬೊಂತೆಯ ಮೇಲಿದ್ದ ಅವಳ ಕೈ ಈಗ ಬೇರೆ ರೀತಿ ಇತ್ತು, ಮಲಗಿದವರ ಮೇಲೆ ಇಟ್ಟಂತೆ.

"ಅಯ್ಯೋ ಪಾಪ. ಏನು ಹೆಸರು?"

ಭಾಗ್ಯಮ್ಮ ತಡವರಿಸಿದಳು. ಸುಳ್ಳಿಗೆ ಅವಳ ಬಾಯಿ ಒಗ್ಗಿರಲಿಲ್ಲ. ಹೆಸರು ಹುಡುಕುವಾಗ ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು. "ರಾಮಕ್ಕ," ಎಂದಳು. ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಜಾತ್ರೆಯಲ್ಲಿ ಗಂಡ ಕಾಣೆಯಾದರೂ ಮಗಳ ಹೆಸರು ಹಿಡಿದು ಅವರಪ್ಪ ಎಂದೇ ಕೂಗಿದವಳು. ಅರ್ಧ ಹೆಸರು ಹೀಗೆ ಹೊರಗೆ ಬಂದದ್ದಕ್ಕೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸರು ಅದನ್ನು ಅಳು ಎಂದುಕೊಂಡರು.

"ಮಕ್ಕಳಿದ್ರಾ?"

"ಒಬ್ಬಳು ಮಗಳು."

"ಮುತ್ತೈದೆಯಾಗಿ ಹೋದ್ಲಾ?" ಎಂದು ಕೇಳಿದಳು ಸಪ್ಪಲಮ್ಮ. ಅದೊಂದು ಅವಳು ಕೇಳಲೇಬೇಕಾದ ಮಾತು. ಹಾಗಲ್ಲದಿದ್ದರೆ ಆ ಬೊಂತೆ ತೊಟ್ಟಿಲಿಗೆ ಬರುವಂತಿಲ್ಲ.

ಭಾಗ್ಯಮ್ಮ ಬಾಗಿಲ ಕಡೆ ನೋಡಿದಳು. ಅವನು ಅಲ್ಲೇ ಇದ್ದ, ಕುಂಟುಗಾಲು ಹೊಸ್ತಿಲ ಮೇಲೆ, ಮೀಸೆಯ ತುದಿಯಲ್ಲಿ ಸುಣ್ಣ. ನೋಡುತ್ತಲೇ ಹೇಳಿದಳು: "ಹೂಂ ಅಕ್ಕಾ. ಮುತ್ತೈದೆಯಾಗೇ ಹೋದ್ಲು."

"ಪುಣ್ಯವಂತೆ." ಸಪ್ಪಲಮ್ಮ ಭಾಗ್ಯಮ್ಮ ಹಾಕಿದ್ದ ಎರಡು ಎಸಳನ್ನು ತಾನೇ ಬಿಚ್ಚಿದಳು. "ಹಾಗಿದ್ಮೇಲೆ ಇದು ಹಿಂಗೇ ಇರ್ಲಿ. ಇನ್ನೊಬ್ಬರ ಸೂಜಿ ಇದಕ್ಕೆ ತಾಕೋದು ಬೇಡ. ಇಂಥ ಕೈ ಹುಟ್ಟೋದು ಕಷ್ಟ ಕಣಮ್ಮ, ನಾನು ಎಷ್ಟು ಬೊಂತೆ ನೋಡಿಲ್ಲ." ಗುರುತಿಲ್ಲದ ಒಬ್ಬ ಹೆಂಗಸಿಗಾಗಿ ಆ ಬಿಗಿ ಮುಖದವಳು ಕಣ್ಣೊರೆಸಿಕೊಂಡಳು. ಮುದುಕಿ ಬೊಂತೆಗೆ ಕೈ ಮುಗಿದಳು. ಮುನಿವೆಂಕಟಮ್ಮ ತಲೆ ತಗ್ಗಿಸಿಕೊಂಡು ಅಳುತ್ತಿದ್ದಳು, ಅವಳದು ನಿಜವಾದ ಅಳು, ಯಾತಕ್ಕೆ ಎಂದು ಅವಳಿಗೇ ಗೊತ್ತಿತ್ತೋ ಇಲ್ಲವೋ. ಮಗುವನ್ನು ಎತ್ತಿ ಬೊಂತೆಯ ಮೇಲೆ ಮಲಗಿಸಿದರು.

ರಾಮಾಂಜಿನಪ್ಪ ಹಿಂದಕ್ಕೆ ಬಂದು ಚಾಪೆಯ ಮೇಲೆ ಕೂತ. ಮಾನ ಉಳಿಯಿತು, ಮಗಳ ಬಾಳು ಉಳಿಯಿತು. ಭಾಗ್ಯಮ್ಮ ಜಾಣೆ. ಇನ್ನು ತಾನು ಸೂಜಿ ಮುಟ್ಟುವಂತಿಲ್ಲ ಎಂಬುದು ಅವನಿಗೆ ಯಾರೂ ಹೇಳದೆ ಅರ್ಥವಾಯಿತು. ಈ ಮನೆಗೆ ಆ ಕೈಯಿಂದ ಇನ್ನೊಂದು ಹೂವು ಬಂದರೆ ಸಾಕು, ಸುಳ್ಳು ಬಯಲಾಗುತ್ತದೆ, ಮಗಳಿಗೆ ಇನ್ನೂ ಮಕ್ಕಳಾಗುತ್ತವೆ, ಅವಕ್ಕೂ ಬೊಂತೆ ಬೇಕಾಗುತ್ತದೆ. ಅಳಬೇಕು ಅನ್ನಿಸಿತು. ಗಂಡಸು, ಬೀಗರ ಜಗಲಿ, ಮಧ್ಯಾಹ್ನದ ಹೊತ್ತು. ಒಳಗೆ ಆ ಹೆಂಗಸರು ಅಳುತ್ತಿದ್ದಾರಲ್ಲ, ಅವರ ಜೊತೆಯಲ್ಲಿ ಕೂತು ಅಳುವುದಕ್ಕೆ ಅವನಿಗಿಂತ ಹತ್ತಿರದವರು ಯಾರಿದ್ದರು.

ಬೈಲಪ್ಪನ ಬಸ್ಸು ಕಡೆಗೂ ಏರು ಹತ್ತಿತ್ತು. ಅವನು ಒಳಗೆ ಕಿವಿಗೊಟ್ಟು, ದನಿ ತಗ್ಗಿಸಿದ. "ಯಾರೋ ಹೋದ್ರಂತಲ್ಲ ಬೀಗ್ರೇ, ನಿಮ್ಮೂರಲ್ಲಿ. ರಾಮಕ್ಕನೋ ಯಾರೋ. ನಿಮಗೆ ಗುರ್ತಿದ್ದೋರಾ?"

"ಗುರ್ತಿತ್ತು."

"ಏನಾಗಿತ್ತು?"

ರಾಮಾಂಜಿನಪ್ಪ ಮೀಸೆಯ ಸುಣ್ಣವನ್ನು ಒರೆಸಿಕೊಂಡ. "ಏನೂ ಆಗಿರ್ಲಿಲ್ಲ," ಎಂದ. "ಚೆನ್ನಾಗೇ ಇದ್ಲು."

ಬೈಲಪ್ಪ ತಲೆಯಾಡಿಸಿ, ನಮ್ಮ ಕೈಲೇನಿದೆ ಎಂದು ಎಲೆಯಡಿಕೆ ತಟ್ಟೆಯನ್ನು ಅವನ ಕಡೆಗೆ ಸರಿಸಿದ.